ಎದೆಗೆ ಅಂಟಿಸಿದ ಮೂಗು

ಬಾವಿ ತೋಡುವವರ ಮನೆತನಗಳಲ್ಲಿ ಹಿಂದೆ ಒಂದು ಕಟ್ಟಳೆ ಇತ್ತು. ಬಾವಿಗೆ ಇಳಿಯುವವನ ಸೊಂಟದ ಹಗ್ಗವನ್ನು ಮೇಲೆ ಹಿಡಿದು ನಿಲ್ಲುವವನು ಅವನ ಹೆಂಡತಿಯ ಅಣ್ಣನೋ ತಮ್ಮನೋ ಆಗಿರಬೇಕು. ಒಡಹುಟ್ಟಿದವರ ಕೈಗೆ ಹಗ್ಗ ಕೊಡುತ್ತಿರಲಿಲ್ಲ. ಒಡಹುಟ್ಟಿದವನಿಗೆ ಹಗ್ಗ ಹಿಡಿದ ಹೊತ್ತಿನಲ್ಲೇ ಪಾಲಿನ ಹೊಲ ನೆನಪಾಗಬಹುದು. ಹೆಂಡತಿಯ ತಮ್ಮನಿಗೆ ನೆನಪಾಗುವುದು ಅಕ್ಕನ ತಾಳಿ ಒಂದೇ.

ತೋಡುವ ಕೆಲಸ ಯಂತ್ರದ ಪಾಲಾದ ಮೇಲೆ ಆ ಜನ ಹೊಳೆದಂಡೆಯ ಸಕ್ಕರೆ ಕಾರ್ಖಾನೆ ಸೇರಿಕೊಂಡರು. ಕಾರ್ಖಾನೆಯ ಹಿಂಬದಿಗೆ ನೆಲದಲ್ಲಿ ಹೂತ ದೊಡ್ಡ ಟಾಕಿಗಳಿದ್ದವು. ಕಾಕಂಬಿಯಿಂದ ಮದ್ಯಸಾರ ಇಳಿಸಿ ಉಳಿದ ಕರಿನೀರು ಅಲ್ಲಿ ಕೊಳೆತು ಗ್ಯಾಸಾಗುತ್ತಿತ್ತು, ಆ ಗ್ಯಾಸಿನಿಂದ ಕರೆಂಟು ಹುಟ್ಟುತ್ತಿತ್ತು. ತಳದಲ್ಲಿ ರಾಡಿ ಕೂರುತ್ತದೆ. ನಡುವಿನ ರಾಡಿಯನ್ನು ಪಂಪು ಎಳೆದುಕೊಳ್ಳುತ್ತದೆ. ಮೂಲೆಯದನ್ನು ಸಲಿಕೆಯಿಂದ ನೂಕಿ ಪೈಪಿನ ಬಾಯಿಗೆ ತಂದುಕೊಡಲು ಮನುಷ್ಯನೇ ಬೇಕು. ಮನುಷ್ಯರನ್ನು ಇಳಿಸಕೂಡದೆಂದು ಕಾನೂನು ಇತ್ತು. ಕಾನೂನು ಎಲ್ಲ ಕಡೆಯೂ ಇರುತ್ತದೆ, ಮೂಲೆಗಳೂ ಎಲ್ಲ ಕಡೆಯೂ ಇರುತ್ತವೆ.

ದುರ್ಗವ್ವನ ಗಂಡ ತಿಪ್ಪಣ್ಣ ಟಾಕಿಗೆ ಇಳಿಯುತ್ತಿದ್ದ. ದುರ್ಗವ್ವನ ತಮ್ಮ ಲಗಮಣ್ಣ ಮೇಲೆ ಹಗ್ಗ ಹಿಡಿದು ನಿಲ್ಲುತ್ತಿದ್ದ. ಲಗಮಣ್ಣನ ಕೆಲಸವೆಂದರೆ ಆಗಾಗ "ಮಾವಾ" ಎಂದು ಕೂಗುವುದು, ಒಳಗಿನಿಂದ "ಓ" ಬಂದರೆ ಸುಮ್ಮನಾಗುವುದು, ಬರದಿದ್ದರೆ ಎಳೆಯುವುದು.

"ಅದೇನ್ ಹಂತಾದ್ದು ಒದರ್ತಿಯಲೇ, ಕಿವಿ ತೂತ ಬೀಳಂಗ!" ಎಂದು ತಿಪ್ಪಣ್ಣ ಒಳಗಿನಿಂದ ಬೈಯುತ್ತಿದ್ದ. "ಸತ್ತಿಲ್ಲೋ ಮಾರಾಯಾ. ನಿಮ್ಮಕ್ಕನ ಕಡೆ ಬೈಸ್ಕೊಳ್ಳೂದು ಇನ್ನೂ ಬಾಕಿ ಐತಿ."

ಆ ಗ್ಯಾಸಿನ ಗುಣ ಕೆಟ್ಟದ್ದು. ಸ್ವಲ್ಪ ಇದ್ದಾಗ ಕೊಳೆತ ತತ್ತಿಯ ವಾಸನೆ ಹೊಡೆಯುತ್ತದೆ. ಹೆಚ್ಚಾದಾಗ ಮೂಗನ್ನೇ ಕೊಂದುಬಿಡುತ್ತದೆ, ಆಗ ವಾಸನೆ ಇರುವುದಿಲ್ಲ. ಗಾಳಿ ಚೊಕ್ಕಾಯಿತು ಎಂದು ಮನುಷ್ಯ ಒಂದು ದೊಡ್ಡ ಉಸಿರು ಎಳೆದುಕೊಳ್ಳುತ್ತಾನೆ, ಅಲ್ಲಿಗೆ ಮುಗಿಯಿತು. ಲಗಮಣ್ಣನ ಅಪ್ಪ ಹಾಗೆಯೇ ಹೋದವನು. ಸೊಂಟಕ್ಕೆ ತೂಗುಹಾಕುವ ಗ್ಯಾಸಿನ ಪೆಟ್ಟಿಗೆಗಳು ಬಂದಿದ್ದವು. ರಾಡಿ ಮೆತ್ತಿಕೊಂಡು ಅವೂ ಮೂಗಿನ ಹಾಗೆಯೇ ಸತ್ತವು.

ಮೈಯ ಚರ್ಮಕ್ಕೇ ಇನ್ನೊಂದು ಮೂಗು ಅಂಟಿಸಿದರೆ ಹೇಗೆ ಎಂಬುದು ಮೈಸೂರು ಕಡೆಯ ಒಬ್ಬ ಹುಡುಗಿಗೆ ಹೊಳೆಯಿತು. ಮೇಘನಾ ಎಂದು ಹೆಸರು. ದೊಡ್ಡ ಓದು ಓದಿ ಕಾರ್ಖಾನೆಯಲ್ಲೇ ಒಂದು ಪ್ರಯೋಗಶಾಲೆ ಮಾಡಿಕೊಂಡಿದ್ದಳು. ಅವಳು ಮಾಡಿದ ಪಟ್ಟಿ ಉಳ್ಳಾಗಡ್ಡಿಯ ಒಳಪೊರೆಯಷ್ಟು ತೆಳ್ಳಗಿತ್ತು. ರಬ್ಬರಿನಂಥ ಪೊರೆಯೊಳಗೆ ಕೂದಲಿಗಿಂತ ಸಣ್ಣ ತಂತಿಗಳು, ತಂತಿಯ ಮೇಲೆ ಗ್ಯಾಸು ತಾಗಿದರೆ ಗುಣ ಬದಲಿಸುವ ಒಂದು ಲೇಪ. ಎದೆಗೆ ಅಂಟಿಸಿದರೆ ಮೈಯ ಕಾವಿನಿಂದಲೇ ನಡೆಯುತ್ತಿತ್ತು. ಬಾಗಿದರೆ ಬಾಗುತ್ತಿತ್ತು, ಹಿಗ್ಗಿದರೆ ಹಿಗ್ಗುತ್ತಿತ್ತು, ಬೆವರಿಗೆ ಬಿಚ್ಚುತ್ತಿರಲಿಲ್ಲ, ರಾಡಿಗೆ ಸಾಯುತ್ತಿರಲಿಲ್ಲ. ಗಾಳಿ ಚೊಕ್ಕಿದ್ದರೆ ಹಸಿರು, ಕೆಡುತ್ತ ಬಂದರೆ ಹಳದಿ, ಕೆಟ್ಟರೆ ಕೆಂಪು. ಎದೆಯ ಮೇಲಿನ ಬಣ್ಣ ಅದೇ ಗಳಿಗೆಗೆ ದೂರದ ಕಂಟ್ರೋಲ್ ರೂಮಿನ ಬೋರ್ಡಿನಲ್ಲೂ ಚುಕ್ಕೆಯಾಗಿ ಕಾಣುತ್ತಿತ್ತು. ಜನ ಅದಕ್ಕೆ 'ಮೂಗು' ಎಂದೇ ಕರೆದರು.

ಮೊದಲ ದಿನ ಹುಡುಗಿ ತಾನೇ ಮೂಗು ಅಂಟಿಸಿಕೊಂಡು ಟಾಕಿಯ ಬಾಯಿಗೆ ಬಗ್ಗಿ ಕೆಂಪು ಮಾಡಿ ತೋರಿಸಿದಳು. ತಿಪ್ಪಣ್ಣನಿಗೆ ಖುಷಿಯಾಯಿತು. "ಬಾಯಾರ, ಇದನ್ನ ನಮ್ಮ ಮಾವ ಇದ್ದಾಗ ತಂದಿದ್ರ ನಿಮ್ಮ ಕಾಲು ತೊಳದು ಕುಡೀತಿದ್ದೆ," ಎಂದ. ಅದು ಸುಳ್ಳು ಹೊಗಳಿಕೆಯಲ್ಲ. ಅವತ್ತು ಎಲ್ಲರಿಗೂ ಹಾಗೆಯೇ ಅನಿಸಿತ್ತು.

ಆಮೇಲೆ ಹೊಸಮನಿ ಸಾಹೇಬರು ಹಗ್ಗ ಹಿಡಿಯುವವರನ್ನೆಲ್ಲ ಕರೆಸಿದರು. ಅವರು ಟಾಕಿಗಳ ಮೇಲ್ವಿಚಾರಣೆಯವರು, ಕೆಟ್ಟವರಲ್ಲ, ಹೊಟ್ಟೆನೋವಿನ ಮನುಷ್ಯ, ಯಾವಾಗಲೂ ಮಜ್ಜಿಗೆ ಕುಡಿಯುತ್ತ ಕೂತಿರುತ್ತಿದ್ದರು.

"ಮೂಗು ಬಂದ ಮ್ಯಾಲೆ ಹಗ್ಗ ಯಾಕ ಬೇಕ್ರಪಾ? ನೀವು ಮ್ಯಾಲೆ ನಿಂತು ಕೂಗೂದೂ ಒಂದು ಕೆಲಸ ಏನು? ಅರ್ಧ ಮಂದಿ ಕಬ್ಬಿನ ಅಂಗಳಕ್ಕ ಹೋಗ್ರಿ, ಅರ್ಧ ಮಂದಿ ಟಾಕಿಗೆ ಇಳೀರಿ. ಲಗಮಣ್ಣ, ನಿನಗ ಅಂಕಿ ಓದಾಕ ಬರ್ತಾವಲ್ಲ, ನೀ ಬೋರ್ಡ್ ಮುಂದ ಕೂಡು."

"ಸಾಹೇಬ್ರ, ನಮ್ಮಲ್ಲಿ ಹಗ್ಗ..."

"ನಿಮ್ಮಲ್ಲಿ ಅಂದ್ರ ಏನೋ? ಮೊದಲು ಒಬ್ಬನ್ನ ಕಾಯ್ತಿದ್ದಿ, ಈಗ ಎಲ್ಲಾರನ್ನೂ ಕಾಯ್ತಿ. ದೊಡ್ಡ ಮನಶ್ಯಾ ಆದೆಲ್ಲೋ!"

ಲಗಮಣ್ಣ ಮನೆಗೆ ಬಂದು ಹೇಳಿದಾಗ ದುರ್ಗವ್ವ ಹಿಗ್ಗಿದಳು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ತಣ್ಣನ್ನ ಗಾಳಿ ಬಿಡೂ ಖೋಲಿ ಅಂತಲ್ಲೋ ಅದು? ಕುರ್ಚಿ ಮ್ಯಾಲ ಕೂಡ್ತಿಯೇನು?" ಎಂದಳು.

"ಕೂಡ್ತೀನಿ."

"ನಮ್ಮ ಕುಲದಾಗ ಕುರ್ಚಿ ಮ್ಯಾಲ ಕುಂತು ಪಗಾರ ತಗೊಂಡವ ನೀನ ಮೊದಲ್ನೇದವ." ಆಮೇಲೆ ದನಿ ಇಳಿಸಿ ಕೇಳಿದಳು: "ಅಲ್ಲಿಂದ ಅವರು ಕಾಣಸ್ತಾರಿಲ್ಲೋ?"

"ಚುಕ್ಕಿ ಕಾಣಸ್ತೈತಿ. ಹದಿನೇಳನೇ ನಂಬರ."

"ಅಷ್ಟಾದ್ರ ಸಾಕು. ಕಣ್ಣ ತಗೀಬ್ಯಾಡ ಮತ್ತ, ನಮ್ಮಪ್ಪಾ."

ಕಣ್ಣು ತೆಗೆಯುವುದಿಲ್ಲ ಎಂದು ಲಗಮಣ್ಣ ಮಾತು ಕೊಟ್ಟ.

ಕೆಲವು ಕಾಲ ಎಲ್ಲ ಚೆನ್ನಾಗಿಯೇ ನಡೆಯಿತು. ಕೆಂಪು ಬಂದರೆ ಲಗಮಣ್ಣ ಗುಂಡಿ ಒತ್ತುತ್ತಿದ್ದ, ಟಾಕಿಯ ಬಾಯಲ್ಲಿ ಗಂಟೆ ಬಾರಿಸುತ್ತಿತ್ತು, ಇಳಿದವರು ಏಣಿ ಹತ್ತಿ ಮೇಲೆ ಬರುತ್ತಿದ್ದರು. ಆದರೆ ಆ ಮೂಗು ಬಹಳ ಚುರುಕು. ಮನುಷ್ಯ ಸಹಿಸಿಕೊಳ್ಳುತ್ತಿದ್ದ ಗಾಳಿಗೂ ಅದು ಕೆಂಪಾಗತೊಡಗಿತು. ಕೆಲಸ ನಿಂತುನಿಂತು ನಡೆಯಿತು, ಕರೆಂಟು ಕಡಿಮೆಯಾಯಿತು. ಕಾರ್ಖಾನೆಯ ಮೇಲಿನವರು ಒಂದು ಕಟ್ಟಳೆ ಮಾಡಿದರು: ಕೆಂಪಾದವನಿಗೆ ಆ ದಿನ ವಿಶ್ರಾಂತಿ, ಮನೆಗೆ ಹೋಗಬಹುದು, ಆದರೆ ಆ ದಿನದ ಕೂಲಿ ಇಲ್ಲ. ಕೇಳಲು ಕರುಣೆಯ ಹಾಗೆಯೇ ಇತ್ತು.

ಯಾರು ಮೊದಲು ಹಚ್ಚಿದರೋ ಗೊತ್ತಿಲ್ಲ. ಎಲೆಯಡಿಕೆ ಹಾಕುವ ಮಂದಿ, ಎಲ್ಲರ ಸೊಂಟದಲ್ಲೂ ಸುಣ್ಣದ ಡಬ್ಬಿ ಇದ್ದೇ ಇರುತ್ತಿತ್ತು. ಮೂಗಿನ ಮೇಲೆ ಬೆರಳಿನಿಂದ ಸುಣ್ಣ ಸವರಿದರೆ ಕೆಂಪಾಗುವುದಿಲ್ಲ ಎಂದು ಯಾರೋ ಕಂಡುಕೊಂಡರು. ಅದರಲ್ಲಿ ಮಂತ್ರವೇನೂ ಇರಲಿಲ್ಲ. ಆ ಗ್ಯಾಸು ಹುಳಿ ಗುಣದ್ದು, ಸುಣ್ಣ ಅದನ್ನು ಕುಡಿದುಬಿಡುತ್ತದೆ. ಪಟ್ಟಿಯ ತಂತಿಗೆ ಮುಟ್ಟುವ ಮೊದಲೇ ಗ್ಯಾಸು ಸುಣ್ಣದ ಹೊಟ್ಟೆ ಸೇರುತ್ತಿತ್ತು. ಹದಿನೈದು ದಿನ ತುಂಬುವುದರೊಳಗೆ ಎಲ್ಲರ ಎದೆಯ ಮೇಲೂ ಬೆಳ್ಳಗೆ ಒಂದು ಗೀಟು.

ಲಗಮಣ್ಣ ಇದನ್ನು ಕಂಡದ್ದು ಮನೆಯಲ್ಲಿ, ತಿಪ್ಪಣ್ಣ ಮೈ ತೊಳೆದುಕೊಳ್ಳುವಾಗ.

"ಮಾವಾ, ಏನದು?"

"ದೃಷ್ಟಿ ಆಗಬಾರ್ದಂತ ಹಚ್ಚೀನಿ."

"ಚಾಷ್ಟಿ ಬ್ಯಾಡ. ನಾ ಅಲ್ಲಿ ಏನ್ ನೋಡಲಿ ಹಂಗಾದ್ರ? ಎಲ್ಲಾ ಹಸರ ಕಾಣಸ್ತಾವು."

"ಹಸರ ನೋಡಿದ್ರ ಕಣ್ಣಿಗೆ ತಂಪಲ್ಲೇನಲೇ." ಆಮೇಲೆ ತಿಪ್ಪಣ್ಣ ನಗು ಬಿಟ್ಟು ಹೇಳಿದ: "ಕೆಂಪಾದ್ರ ಮನೀಗೆ ಕಳಸ್ತಾರೋ. ಮನ್ಯಾಗ ಕುಂತು ಏನ್ ತಿನ್ನೂದು, ಆ ಪಟ್ಟಿನ ಹುರಕೊಂಡು ತಿನ್ನೂದೇನು? ಮತ್ತ ಸುಣ್ಣ ಗ್ಯಾಸ್ ತಿಂತೈತಂತ. ಎದೀ ಮ್ಯಾಲ ಇದ್ರ ನನಗೂ ಒಂದೀಟು ಕಾವಲಾತು."

ಅದು ತಪ್ಪು ಲೆಕ್ಕ. ಎದೆಯ ಮೇಲಿನ ಒಂದು ಬೆರಳು ಸುಣ್ಣ ಪಟ್ಟಿಯ ಪಾಲಿನ ಗ್ಯಾಸನ್ನು ಕುಡಿಯಬಲ್ಲದು, ಪುಪ್ಪುಸದ ಪಾಲಿನದನ್ನು ಕುಡಿಯಲಾರದು. ಆದರೆ ಸುಣ್ಣದ ಮೇಲೆ ಆ ಜನರಿಗೆ ಮೊದಲಿನಿಂದ ಒಂದು ನಂಬಿಕೆ. ಬಾವಿ ನೀರು ಕೆಟ್ಟರೆ ಸುಣ್ಣ ಸುರಿಯುತ್ತಿದ್ದರು, ಚೇಳು ಕಡಿದರೆ ಸುಣ್ಣ ಹಚ್ಚುತ್ತಿದ್ದರು. ಲಗಮಣ್ಣನೂ ಅರ್ಧ ನಂಬಿದ.

ಉಳಿದರ್ಧ ಅವನನ್ನು ಹೊಸಮನಿ ಸಾಹೇಬರ ಮುಂದೆ ತಂದು ನಿಲ್ಲಿಸಿತು. "ನನ್ನ ಮತ್ತ ಹಗ್ಗಕ್ಕ ಹಾಕ್ರಿ ಸಾಹೇಬ್ರ. ಬೋರ್ಡ್ ಸುಳ್ಳು ಹೇಳಾಕತ್ತೈತಿ."

ಸಾಹೇಬರು ಮಜ್ಜಿಗೆ ಲೋಟ ಕೆಳಗಿಟ್ಟು ಅವನನ್ನೇ ನೋಡಿದರು. ಅವರಿಗೂ ಗೊತ್ತಿತ್ತು ಎಂಬುದು ಆ ನೋಟದಲ್ಲೇ ತಿಳಿಯಿತು. "ಯಾರು ಏನ್ ಹಚ್ಕೊಂಡಾರ ಅಂತ ನೀ ಬಾಯಿ ಬಿಟ್ರ ನಾ ಬರ್ಕೊಬೇಕಾಗ್ತದ. ಬರ್ಕೊಂಡ್ರ ಎಲ್ಲಾರೂ ಮನೀಗೆ. ಮೊದಲ ನಿಮ್ಮ ಮಾವ. ಬಾಯಿ ಬಿಡ್ತಿಯೇನು?"

ಲಗಮಣ್ಣ ತಿರುಗಿ ಬೋರ್ಡಿನ ಮುಂದೆ ಹೋಗಿ ಕೂತ. ಮೇಘನಾ ಮೇಡಂ ಒಂದೆರಡು ಸಲ ಬಂದು ನೋಡಿ, "ಏನಿದು, ಎಲ್ಲ ಇಷ್ಟೊಂದು ಹಸಿರಾಗಿದೆ? ನನ್ನ ಪಟ್ಟಿ ಕೆಟ್ಟಿದ್ಯಾ?" ಎಂದು ಹಣೆ ಗಂಟು ಹಾಕಿದಳು. "ಪಟ್ಟಿ ಬಂದ ಮ್ಯಾಲೆ ಗಾಳೀನೇ ಸುಧಾರ್ಸೇತ್ರಿ ಮೇಡಂ," ಎಂದು ಸಾಹೇಬರು ನಕ್ಕರು. ಲಗಮಣ್ಣ ಅಂಕಿಗಳನ್ನೇ ನೋಡುತ್ತ ಕೂತಿದ್ದ.

ಆ ದಿನ ಬಿಸಿಲು ಚೆನ್ನಾಗಿ ಬಿದ್ದಿತ್ತು. ಊಟ ಮುಗಿದು ತಿಪ್ಪಣ್ಣ ಮೂಲೆಯ ಟಾಕಿಗೆ ಒಬ್ಬನೇ ಇಳಿದಿದ್ದ. ಪಂಪಿನವರು ಅತ್ತ ಕಡೆ ಇದ್ದರು, ಪಂಪಿನ ಸದ್ದಿನಲ್ಲಿ ಪಕ್ಕದವನ ಮಾತೂ ಕೇಳಿಸುವುದಿಲ್ಲ. ಬೋರ್ಡಿನಲ್ಲಿ ಹದಿನೇಳು ಹಸಿರಾಗಿತ್ತು. ಚಹಾ ಬಂತು. ಲಗಮಣ್ಣ ಚಹಾ ಕುಡಿದ. ಯಾರೋ ಚುನಮರಿಗೆ ಖಾರ ಕಲಸಿ ತಂದಿದ್ದರು, ಅದನ್ನೂ ಒಂದು ಹಿಡಿ ತಿಂದ. ಕಣ್ಣನ್ನು ಮಾತ್ರ ಚುಕ್ಕೆಯಿಂದ ತೆಗೆಯಲಿಲ್ಲ. ಅಕ್ಕನಿಗೆ ಕೊಟ್ಟ ಮಾತನ್ನು ಅವನು ಪೂರಾ ನಡೆಸಿದ. ಚುಕ್ಕೆ ಹಸಿ ಬತ್ತದ ಸಸಿಯ ಹಾಗೆ ಹೊಳೆಯುತ್ತಿತ್ತು.

ಪೈಪಿನಲ್ಲಿ ರಾಡಿ ಬರುವುದು ನಿಂತು ಬರೀ ಗಾಳಿ ಬುಸುಗುಟ್ಟಿದಾಗ ಪಂಪಿನವನಿಗೆ ಅನುಮಾನ ಬಂತು. ಅವನು ಇಣುಕಿದ, ಕೂಗಿದ, ಆಮೇಲೆ ಓಡಿಬಂದ. ಲಗಮಣ್ಣ ಓಡಿದ. ಮುಖಕ್ಕೆ ಗಾಳಿಯ ಮುಖವಾಡ ಹಾಕಿಕೊಂಡವರು ಇಳಿದು ತಿಪ್ಪಣ್ಣನನ್ನು ಮೇಲೆ ತಂದು ಮಲಗಿಸಿದರು. ಮೈಯೆಲ್ಲ ಕರಿ ರಾಡಿ. ಎದೆಯ ಮೇಲಿನ ಮೂಗು ಆಗಲೂ ಹಸಿರಾಗಿಯೇ ಇತ್ತು.

"ಇಂಥ ಗ್ಯಾಸಿಗೆ ಒಂದೇ ಉಸಿರು ಸಾಕು. ಅವನಿಗೇನೂ ಗೊತ್ತೇ ಆಗಿರಲ್ಲ," ಎಂದರು ಕಾರ್ಖಾನೆಯ ಡಾಕ್ಟರು.

ದುರ್ಗವ್ವ ಎದೆ ಬಡಿದುಕೊಳ್ಳಲಿಲ್ಲ. ಅವಳು ಕೇಳಿದ್ದು ಒಂದೇ ಮಾತು, ತಮ್ಮನ ಎರಡೂ ರಟ್ಟೆ ಹಿಡಿದುಕೊಂಡು: "ಸಂಕಟ ಪಟ್ರೇನೋ ಲಗಮಾ?"

"ಇಲ್ಲಕ್ಕಾ. ಲಗೂ ಹೋದ್ರು. ಕಣ್ಣ ಮುಚ್ಚಿ ತಗಿಯೂದ್ರಾಗ."

"ಖರೇನ?"

"ಖರೇನ."

ಮಣ್ಣಾದ ಮೇಲೂ ದಿನಾ ಅದನ್ನೇ ಕೇಳುತ್ತಿದ್ದಳು. ಅವನು ದಿನಾ ಅದನ್ನೇ ಹೇಳುತ್ತಿದ್ದ. ಆ ಒಂದು ಮಾತಿನ ಮೇಲೆ ಅವಳು ಎದ್ದು ಓಡಾಡಿದಳು, ಒಲೆ ಹೊತ್ತಿಸಿದಳು. ಗಂಡ ಸಂಕಟಪಡದೆ ಹೋದ ಎಂಬುದು ಬಿಟ್ಟರೆ ಅವಳ ಕೈಯಲ್ಲಿ ಇನ್ನೇನೂ ಉಳಿದಿರಲಿಲ್ಲ. ಸುಣ್ಣ ಹಚ್ಚಿದ್ದು ಅವನದೇ ತಪ್ಪು ಎಂದು ಕಾರ್ಖಾನೆಯವರು ಕೈ ತೊಳೆದುಕೊಂಡಿದ್ದರು. ಆದರೂ ದೊಡ್ಡ ಮನಸ್ಸು ಮಾಡಿ ದುರ್ಗವ್ವನಿಗೆ ಟಾಕಿಯ ಅಂಗಳ ತೊಳೆಯುವ ಕೆಲಸ ಕೊಟ್ಟರು.

ಆಗೊಂದು ದಿನ ಮೇಘನಾ ಮೇಡಂ ಲಗಮಣ್ಣನನ್ನು ಪ್ರಯೋಗಶಾಲೆಗೆ ಕರೆಸಿದಳು. ಅವಳ ಕಣ್ಣು ಊದಿತ್ತು. ಪರದೆಯ ಮೇಲೆ ಒಂದು ಗೆರೆ ತೋರಿಸಿದಳು. ಅದು ಏರುತ್ತಿತ್ತು, ಇಳಿಯುತ್ತಿತ್ತು.

"ಇದೇನ್ರಿ ಬಾಯಾರ?"

"ಅವರ ಉಸಿರು." ಅವಳು ತಡೆದು ತಡೆದು ಹೇಳಿದಳು. "ಉಸಿರಾಡಿದಾಗ ಎದೆ ಹಿಗ್ಗತ್ತೆ. ಎದೆ ಹಿಗ್ಗಿದ್ರೆ ಪಟ್ಟೀನೂ ಹಿಗ್ಗತ್ತೆ. ಆಗ ಗ್ಯಾಸು ಇಲ್ದೇ ಇದ್ರೂ ಅಂಕಿ ಏರುಪೇರಾಗತ್ತೆ. ಅದು ನನಗೆ ತೊಂದ್ರೆ ಕೊಡ್ತಿತ್ತು. ಗ್ಯಾಸಿನ ಅಂಕಿ ಮಾತ್ರ ಸರಿಯಾಗಿ ಬರ್ಲಿ ಅಂತ ಹಿಗ್ಗಿದ್ದರ ಲೆಕ್ಕಾನ ಬೇರೆ ಮಾಡಿ ಕಳೆದುಬಿಡ್ತಿದ್ದೆ. ಅದು ಕಂಪ್ಯೂಟರಿನ ಮೂಲೇಲಿ ಒಂದು ಕಡೆ ತುಂಬ್ಕೊಂಡು ಬಿದ್ದಿತ್ತು. ನಿನ್ನೆ ತೆಗೆದು ನೋಡ್ದೆ."

"ಅಂದ್ರ ಉಸಿರ್ನ ಕಸ ಅಂತ ಹೊರಗ ಚೆಲ್ಲಿದ್ರಿ."

ಅವಳು ತಲೆಯಾಡಿಸಿದಳು. "ನೀವು ಬೈಯ್ರಿ. ಏನಾದ್ರೂ ಬೈಯ್ರಿ."

ಅವನು ಗೆರೆ ನೋಡಿದ. ಒಂದು ಕಡೆ ಗೆರೆ ಸಟ್ಟನೆ ಕುಸಿದಿತ್ತು. ಅಲ್ಲಿ ತಿಪ್ಪಣ್ಣ ಬಿದ್ದಿರಬೇಕು. ಆದರೆ ಅಲ್ಲಿಗೆ ನಿಂತಿರಲಿಲ್ಲ. ಸಣ್ಣಗೆ ಏರಿ ಇಳಿಯಿತು, ಮತ್ತೆ ಏರಿತು. ನೀರಿನಿಂದ ತೆಗೆದ ಮೀನು ಬಡಿದುಕೊಳ್ಳುವ ಹಾಗೆ ನಾಲ್ಕಾರು ಸಲ ಜೋರಾಗಿ ಕುಣಿಯಿತು, ತಗ್ಗಿತು, ಮತ್ತೆ ಎದ್ದಿತು. ಮೇಡಂ ಗೆರೆಯನ್ನು ಮುಂದೆ ಸರಿಸಿದಳು. ಇನ್ನೂ ಇತ್ತು. ಮತ್ತೆ ಸರಿಸಿದಳು. ಇನ್ನೂ ಇತ್ತು. ಚಹಾ ಬಂದ ಹೊತ್ತು, ಚುನಮರಿ ತಿಂದ ಹೊತ್ತು, ಎಲ್ಲ ಆ ಗೆರೆಯಲ್ಲಿ ದಾಟಿಹೋಯಿತು. ನೆಟ್ಟಗಾಗುವ ಹೊತ್ತಿಗೆ ಲಗಮಣ್ಣನ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು.

"ಇದನ್ನ ಮತ್ಯಾರಿಗೂ ತೋರಸಬ್ಯಾಡ್ರಿ. ನಮ್ಮಕ್ಕಗ ಗೊತ್ತಾಗಬಾರ್ದು," ಎಂದಷ್ಟೇ ಹೇಳಿ ಎದ್ದ.

ಮೇಡಂ ತೋರಿಸಲಿಲ್ಲ. ಆದರೆ ಇನ್ನು ಮುಂದೆ ಉಸಿರಿನ ಗೆರೆ ಬೋರ್ಡಿನ ಮೇಲೆ ಬರಲೇಬೇಕೆಂದು ಹಟ ಹಿಡಿದಳು. ಉಸಿರು ಕುಸಿದರೆ ಗಂಟೆ ಬಾರಿಸಬೇಕು, ಸುಣ್ಣವಾಗಲಿ ಇನ್ನೊಂದಾಗಲಿ ಅದನ್ನು ಮೋಸ ಮಾಡಲಾರದು ಎಂದಳು. ಮೇಲಿನವರು ಇಷ್ಟು ಬೇಗ ಒಪ್ಪಿದ್ದು ಅವಳಿಗೇ ಆಶ್ಚರ್ಯ. ಹೊಸ ಮೂಗು ಬಂತು. ಟಾಕಿಯವರಿಗೆ ಮಾತ್ರವಲ್ಲ, ಕಸ ಗುಡಿಸುವವರಿಗೂ, ಚೀಲ ಹೊಲಿಯುವವರಿಗೂ ಬಂತು.

ಮೇಲಿನವರಿಗೆ ಉಸಿರಿನಲ್ಲಿ ಇನ್ನೊಂದು ಕಂಡಿತ್ತು. ದುಡಿಯುವವನ ಉಸಿರು ಬೇರೆ, ಕೂತವನ ಉಸಿರು ಬೇರೆ. ಬೀಡಿ ಸೇದುವವನದು ಬೇರೆ, ಹರಟೆ ಹೊಡೆಯುವವನದು ಬೇರೆ. ಬೋರ್ಡಿನಲ್ಲಿ ಪ್ರತಿ ನಂಬರಿನ ಮುಂದೆ ಒಂದು ಗೆರೆ ಓಡತೊಡಗಿತು. ಗೆರೆ ತಗ್ಗಿದರೆ ಲಗಮಣ್ಣ ಮೈಕಿನಲ್ಲಿ ನಂಬರು ಹಿಡಿದು ಕೂಗಬೇಕು, "ಯಾಕ ಕುಂತಿ?" ಎಂದು ಕೇಳಬೇಕು. ಮೇಡಂ ಒಂದು ದಿನ ಬಾಗಿಲಲ್ಲಿ ನಿಂತು ಇದನ್ನು ಕೇಳಿಸಿಕೊಂಡಳು. ಒಳಗೆ ಬರಲಿಲ್ಲ. ಆಮೇಲೆ ಅವಳು ಕೆಲಸ ಬಿಟ್ಟು ಊರಿಗೆ ಹೋದಳೆಂದು ಸುದ್ದಿ ಬಂತು.

ದುರ್ಗವ್ವನಿಗೆ ಕೊಟ್ಟದ್ದು ಗಂಡನ ನಂಬರೇ. ಖಾಲಿ ಬಿದ್ದಿತ್ತು, ಕೊಟ್ಟರು. ಹೊಸದನ್ನು ಅಂಟಿಸಿಕೊಂಡ ವಾರದಲ್ಲೇ ಒಂದು ದಿನ ಹದಿನೇಳರ ಗೆರೆ ಏರುಪೇರಾಯಿತು. ಸಣ್ಣ ಸಣ್ಣ ಮೆಟ್ಟಿಲಿನ ಹಾಗೆ ಮೂರು ನಾಲ್ಕು ಜಿಗಿತ, ಒಂದು ದೊಡ್ಡ ಇಳಿತ, ಮತ್ತೆ ಮೆಟ್ಟಿಲು. ಅವಳು ಬಿಕ್ಕುತ್ತಿದ್ದಾಳೆ ಎಂದು ಲಗಮಣ್ಣನಿಗೆ ತಿಳಿಯಿತು. ಮೂಲೆಯ ಟಾಕಿಯ ಹತ್ತಿರ ತೊಳೆಯುವ ಪಾಳಿ ಅವಳಿಗೆ ಬಂದಿತ್ತು. ಅವನು ಮೈಕು ಮುಟ್ಟಲಿಲ್ಲ.

"ಹದಿನೇಳು ನಿಂತದಲ್ಲೋ," ಎಂದರು ಬೆನ್ನ ಹಿಂದಿನಿಂದ ಹೊಸಮನಿ ಸಾಹೇಬರು. "ಕೂಗು."

"ಅಕ್ಕ ಅದಾಳ್ರಿ ಸಾಹೇಬ್ರ."

"ಬೋರ್ಡಿನ್ಯಾಗ ಅಕ್ಕ ಅಂತ ಎಲ್ಲಿ ಬರದದ? ಮ್ಯಾಲಿನವರೂ ಇದನ್ನ ನೋಡ್ತಿರ್ತಾರ. ಕೂಗು."

ಲಗಮಣ್ಣ ಮೈಕು ಹತ್ತಿರ ಎಳೆದುಕೊಂಡ. "ಹದಿನೇಳು. ಯಾಕ ಕುಂತಿ? ಕೆಲಸ ನಡೀಲಿ."

ಗೆರೆ ಒಮ್ಮೆ ನಿಂತೇಹೋಯಿತು, ಅವಳು ಉಸಿರು ಹಿಡಿದಿರಬೇಕು. ಆಮೇಲೆ ಮೆಲ್ಲಗೆ ದುಡಿಯುವವರ ಗೆರೆಯಾಗಿ ನಡೆಯಿತು.

ಸಂಜೆ ಅವಳು ತಮ್ಮನಿಗೆ ರೊಟ್ಟಿ, ಕಾಳಿನ ಪಲ್ಯ ಬಡಿಸಿ ಎದುರಿಗೆ ಕೂತು, ಎದೆಯ ಮೇಲಿನ ಪಟ್ಟಿ ಮುಟ್ಟಿ ತೋರಿಸಿದಳು.

"ಇದಕ್ಕ ನನ್ನ ಉಸಿರು ಗೊತ್ತಾಕ್ಕೈತೇನೋ?"

"ಹೂಂ."

"ನಾ ಅತ್ತದ್ದು ನಿನಗ ಕಾಣಸ್ತು."

"ಕಾಣಸ್ತು ಅಕ್ಕಾ. ಸಾಹೇಬ್ರು ಹಿಂದ ನಿಂತಿದ್ರು. ನಾ ಏನ್..."

"ಅದಕ್ಕಲ್ಲ ನಾ ಕೇಳಿದ್ದು. ಅವರ ಎದೀ ಮ್ಯಾಲೂ ಇಂಥಾದ್ದ ಇತ್ತಲ್ಲ."

ಲಗಮಣ್ಣ ತುತ್ತನ್ನು ತಾಟಿನಲ್ಲೇ ಬಿಟ್ಟ. "ಅದು ಹಳೇದು. ಅದರಾಗ ಉಸಿರು ಕಾಣತಿದ್ದಿಲ್ಲ."

"ಕಾಣತಿದ್ದಿಲ್ಲೋ, ಉಸಿರು ಇದ್ದಿದ್ದ ಇಲ್ಲೋ?"

ಸುಳ್ಳು ಹೇಳಿ ಹೇಳಿ ಪಳಗಿದ ಬಾಯಿ ಆ ಗಳಿಗೆಗೆ ಕೈಕೊಟ್ಟಿತು.

"ಆಮ್ಯಾಲರ ನೀ ನೋಡಿದಿ," ಎಂದಳು ದುರ್ಗವ್ವ. ಅವಳು ಕೇಳುತ್ತಿರಲಿಲ್ಲ, ಓದಿ ಹೇಳುತ್ತಿದ್ದಳು. "ನಿನ್ನ ಮಾರಿ ಮ್ಯಾಲ ಕಾಣತೈತಿ. ಎಷ್ಟೊತ್ತು ಇದ್ರು?"

"ಅಕ್ಕಾ, ಬ್ಯಾಡ."

"ಎಷ್ಟೊತ್ತೋ?"

"ನಾ ಚಾ ಕುಡದೆ. ಚುನಮರಿ ತಿಂದೆ. ಅಲ್ಲೀತನಾ ಇದ್ರು."

ದುರ್ಗವ್ವ ಬೈದಿದ್ದರೆ ಅವನು ಉಳಿದುಕೊಳ್ಳುತ್ತಿದ್ದ, ಕಾಲಿಗೆ ಬೀಳಬಹುದಿತ್ತು. ಅವಳು ಎದ್ದು ಒಲೆಯ ಕೊಳ್ಳಿ ಹಿಂದಕ್ಕೆಳೆದು ನೀರು ಚಿಮುಕಿಸಿ, ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಲ್ಲಿಂದ ಮುಂದೆ ಅವನಿಗೆ ದಿನಾ ಊಟಕ್ಕೆ ಬಡಿಸಿದಳು, ಮಾತು ಮಾತ್ರ ಆಡಲಿಲ್ಲ.

ಮಾರನೆಯ ದಿನ ಮೂಲೆಯ ಟಾಕಿಯ ಅಂಗಳ ತೊಳೆಯುವ ಪಾಳಿಯನ್ನು ಅವಳೇ ಕೇಳಿ ಹಾಕಿಸಿಕೊಂಡಳು. ಲಗಮಣ್ಣ ಬೋರ್ಡಿನ ಮುಂದೆ ಕೂತು ಹದಿನೇಳನ್ನೇ ನೋಡಿದ. ಅವಳು ಅಲ್ಲಿ ಅಳುತ್ತಾಳೆಂಬುದು ಅವನಿಗೆ ಗೊತ್ತಿತ್ತು, ಸಂಜೆ ಬರುವಾಗ ಕಣ್ಣು ಕೆಂಡದಂತಿರುತ್ತಿತ್ತು. ಆದರೆ ಗೆರೆ ಒಂದು ದಿನವೂ ದುಡಿಯುವವರ ಲಯ ಬಿಡಲಿಲ್ಲ. ಬಿಕ್ಕದೆ, ಉಸಿರು ತಪ್ಪಿಸದೆ, ಬರೀ ಕಣ್ಣಿನಿಂದ ಅಳುವುದನ್ನು ಅವಳು ಕಲಿತುಬಿಟ್ಟಿದ್ದಳು.

"ಹದಿನೇಳು ನೋಡು," ಎಂದರು ಹೊಸಮನಿ ಸಾಹೇಬರು ಮಜ್ಜಿಗೆ ಗುಟುಕರಿಸಿ. "ಎಷ್ಟು ನೆಟ್ಟಗ ಓಡತೈತಿ. ನಿಮ್ಮಕ್ಕ ಭಾಳ ಶಿಸ್ತಿನ ಹೆಣ್ಮಗಳಪಾ."

"ಹೌದ್ರಿ," ಎಂದ ಲಗಮಣ್ಣ.